ಚೀನಾದ ಹಳೇ ಕಟ್ಟಡಗಳ ಕುಸುರಿ ಕೆಲಸವನ್ನ ಫೈನ್ ಆರ್ಟ್ ಫೋಟೋ ಆಗಿ ತೆಗೆಯೋದು ಹೇಗೆ

ಚೀನಾದ ಹಳೇ ಅರಮನೆ, ದೇವಸ್ಥಾನ, ತೋಟಗಳನ್ನ ಶೂಟ್ ಮಾಡೋಕೆ ಹೊರಟಿದ್ರೆ ನನ್ನ ಮೊದಲನೇ ಸಲಹೆ ಇಷ್ಟೇ, ವೈಡ್ ಲೆನ್ಸ್ ಬ್ಯಾಗಲ್ಲೇ ಇರಲಿ. ಇಡೀ ಕಟ್ಟಡ ಹಿಡಿದ ಫೋಟೋ ಎಲ್ಲರ ಹತ್ರಾನೂ ಇದೆ, ಅದೇ ಅಂಗಳ ಅದೇ ಚಾವಣಿ ಅದೇ ಜನಜಂಗುಳಿ, ಗೋಡೆ ಮೇಲೆ ಹಾಕೋ ಅಂಥ ಪ್ರಿಂಟ್ ಅದರಿಂದ ಹುಟ್ಟೋದು ಅಪರೂಪ. ಆದ್ರೆ ಸೂರಿನ ಒಂದು ಮೂಲೆ, ಕೆಂಪು ಬಾಗಿಲ ಮೇಲಿನ ಒಂದು ಸಾಲು ಗುಂಡು ಮೊಳೆ, ಸುಣ್ಣದ ಗೋಡೆ ನಡುವೆ ಇರೋ ಒಂದೇ ಒಂದು ಜಾಲಂಧ್ರ, ಇಂಥದ್ದರ ಮುಂದೆ ಅರ್ಧ ಗಂಟೆ ನಿಲ್ಲೋಕೆ ತಯಾರಿದ್ರೆ ನಿಮ್ಮದೇ ಅನ್ನೋ ಚಿತ್ರ ಸಿಗತ್ತೆ.

ಈ ಕಟ್ಟಡಗಳಲ್ಲಿ ಸುಮ್ಮನೆ ಚೆಂದಕ್ಕೆ ಅಂತ ಇಟ್ಟಿರೋ ವಸ್ತು ಬಹಳ ಕಮ್ಮಿ, ಪ್ರತಿಯೊಂದಕ್ಕೂ ಒಂದು ಕೆಲಸ ಇದೆ. ಮಳೆ ನೀರು ದೂರ ಹಾಕೋದು, ಭಾರ ಹೊರೋದು, ಬೆಂಕಿ ತಡೆಯೋದು, ಒಳಗಿರೋನ ಅಂತಸ್ತು ಹೇಳೋದು, ಹೀಗೆ. ಆ ಕೆಲಸ ಏನು ಅಂತ ತಿಳಿದ ಮೇಲೆ ಫ್ರೇಮ್ ಎಲ್ಲಿ ಶುರು ಆಗ್ಬೇಕು ಎಲ್ಲಿ ಮುಗೀಬೇಕು, ಬೆಳಕು ಯಾವ ಕಡೆಯಿಂದ ಬರ್ಬೇಕು ಅನ್ನೋದು ಮುಕ್ಕಾಲು ಪಾಲು ತಾನಾಗೇ ತೀರ್ಮಾನ ಆಗಿಬಿಡತ್ತೆ. ಕೆಲಸ ಗೊತ್ತಿಲ್ದೆ ತೆಗೆದ ಕ್ಲೋಸಪ್ ಎಷ್ಟೇ ಶಾರ್ಪ್ ಇದ್ರೂ ವಾಲ್‌ಪೇಪರ್ ಡಿಸೈನ್ ಥರ ಕಾಣತ್ತೆ.

ದೌಗೊಂಗ್, ಎಲ್ಲಕ್ಕಿಂತ ಮೊದಲು ಇದು

ಕಂಬದ ತಲೆ ಮೇಲೆ, ಸೂರಿನ ಕೆಳಗೆ, ಮರದ ತುಂಡುಗಳು ಒಂದರೊಳಗೊಂದು ಸಿಕ್ಕಿಸಿಕೊಂಡು ಮೇಲಕ್ಕೆ ಹೋಗ್ತಾ ಹೋಗ್ತಾ ಅಗಲ ಆಗ್ತಾವಲ್ಲ, ಅದೇ ದೌಗೊಂಗ್. ನಮ್ಮ ಗುಡಿಗಳ ಕಂಬದ ಮೇಲಿನ ಬೋದಿಗೆಯನ್ನ ಮರದಲ್ಲಿ ಮಾಡಿ ಒಂದರ ಮೇಲೊಂದು ಪೇರಿಸಿದ ಹಾಗೆ ಅಂತ ಅಂದ್ಕೊಳ್ಳಿ. ಬುಡದಲ್ಲಿ ಒಂದು ದಿಮ್ಮಿ, ಅದರ ಮೇಲೆ ಅಡ್ಡ ತೋಳು, ತೋಳಿನ ತುದಿಗೆ ಮತ್ತೆ ಚಿಕ್ಕ ದಿಮ್ಮಿ, ಮತ್ತೆ ತೋಳು. ಮೊಳೆ ಮೇಲೆ ನಂಬಿಕೆ ಇಟ್ಟು ಕಟ್ಟಿದ್ದಲ್ಲ, ಪೂರ್ತಿ ಗೂಟ ಮತ್ತು ಕಚ್ಚುಗಳ ಲೆಕ್ಕ. ಭಾರವಾದ ಹೆಂಚಿನ ಚಾವಣಿಯ ತೂಕವನ್ನ ಹಂತ ಹಂತವಾಗಿ ಕಂಬಕ್ಕೆ ಇಳಿಸೋದು, ಸೂರು ಗೋಡೆಯಿಂದ ಆಚೆ ದೂರ ಚಾಚೋ ಹಾಗೆ ಮಾಡೋದು ಇದರ ಕೆಲಸ, ಭೂಕಂಪ ಬಂದಾಗ ಈ ಕಚ್ಚುಗಳು ಸ್ವಲ್ಪ ಅಲುಗಾಡಿ ಏಟನ್ನ ತಾವೇ ನುಂಗಿಕೊಳ್ತಾವೆ.

ಹಾಗಾದ್ರೆ ಫೋಟೋದಲ್ಲಿ ಏನು ಕಾಣ್ಬೇಕು? ಭಾರ ಕೆಳಗೆ ಇಳಿಯೋದು ಕಾಣ್ಬೇಕು. ಅದಕ್ಕೆ ಫ್ರೇಮಿನ ಕೆಳಗಡೆ ಕಂಬದ ತಲೆ ಸ್ವಲ್ಪನಾದ್ರೂ ಇರಲಿ, ಮೇಲ್ಗಡೆ ಸೂರಿನ ಅಡಿ ಇರಲಿ. ಬರೀ ಮಧ್ಯದ ತೋಳುಗಳನ್ನ ಕತ್ತರಿಸಿ ತೆಗೆದ್ರೆ ಡಿಸೈನ್ ಸಿಗತ್ತೆ, ಅರ್ಥ ಹೋಗತ್ತೆ. ಎರಡು ಗೋಡೆ ಸೇರೋ ಮೂಲೆಯ ದೌಗೊಂಗ್ ನನಗೆ ಎಲ್ಲಕ್ಕಿಂತ ಇಷ್ಟ, ಅಲ್ಲಿ ಎರಡು ದಿಕ್ಕಿನ ತೋಳುಗಳ ಜೊತೆ ಕರ್ಣದ ದಿಕ್ಕಿಗೂ ಒಂದು ತೋಳು ಹೊರಡತ್ತೆ, ಬಡಗಿಯ ತಲೆ ಎಷ್ಟು ಓಡಿದೆ ಅಂತ ಅಲ್ಲೇ ಗೊತ್ತಾಗೋದು.

ಎಲ್ಲಿ ನೋಡ್ಬೇಕು ಅಂದ್ರೆ ನಾನು ಬೀಜಿಂಗ್‌ಗಿಂತ ಮೊದಲು ಶಾನ್ಶಿ ಪ್ರಾಂತ್ಯದ ಹೆಸರು ಹೇಳ್ತೀನಿ. ವೂತಾಯ್ ಪರ್ವತದ ಹತ್ರದ ನಾನ್‌ಚಾನ್ ದೇವಸ್ಥಾನದ ಮುಖ್ಯ ಮಂದಿರ 782ರದ್ದು, ಫೊಗ್ವಾಂಗ್ ದೇವಸ್ಥಾನದ ಪೂರ್ವ ಮಂದಿರ 857ರದ್ದು, ಎರಡೂ ತಾಂಗ್ ವಂಶದ ಕಾಲದವು. ಫೊಗ್ವಾಂಗ್ ಮಂದಿರವನ್ನ 1937ರಲ್ಲಿ ಹಳೇ ಕಟ್ಟಡಗಳ ಅಧ್ಯಯನ ಮಾಡ್ತಿದ್ದ ವಾಸ್ತುಶಿಲ್ಪಿಗಳಾದ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ದಂಪತಿ ಹುಡುಕಿ ಹೋಗಿ ಅಳತೆ ಮಾಡಿ ದಾಖಲೆ ಮಾಡಿದ್ರು, ತೊಲೆ ಅಡಿಯಲ್ಲಿ ಮಸಿಯಲ್ಲಿ ಬರೆದಿದ್ದ ದಾನಿ ಹೆಂಗಸಿನ ಹೆಸರನ್ನ ಮೊದಲು ಗುರುತಿಸಿದ್ದು ಲಿನ್ ಹುಯಿಯಿನ್, ಅದರ ಮೇಲೇನೇ ಕಾಲ ಗಟ್ಟಿ ಆಗಿದ್ದು. ಅಲ್ಲಿ ದೌಗೊಂಗ್ ಕಂಬದ ಎತ್ತರದ ಹೆಚ್ಚುಕಮ್ಮಿ ಅರ್ಧದಷ್ಟು ದೊಡ್ಡದು, ನಿಜವಾಗ್ಲೂ ಭಾರ ಹೊರ್ತಾ ಇದೆ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ. ಮಿಂಗ್ ಮತ್ತು ಚಿಂಗ್ ವಂಶಗಳ ಕಾಲಕ್ಕೆ, ಅಂದ್ರೆ ಹದಿನಾಲ್ಕನೇ ಶತಮಾನದ ಕೊನೆಯಿಂದ ಇಪ್ಪತ್ತನೇ ಶತಮಾನದ ಶುರುವಿನ ತನಕದ ಕಾಲಕ್ಕೆ ಬಂದ್ರೆ ಅದೇ ದೌಗೊಂಗ್ ಚಿಕ್ಕದಾಗಿ, ಒತ್ತೊತ್ತಾಗಿ, ಬಣ್ಣ ತುಂಬಿಕೊಂಡು ಅಲಂಕಾರದ ಪಟ್ಟಿ ಥರ ಆಗಿಬಿಡತ್ತೆ. ಈ ಎರಡನ್ನ ಒಂದೇ ರೀತಿ ಶೂಟ್ ಮಾಡ್ಬೇಡಿ. ತಾಂಗ್ ಕಾಲದ್ದಕ್ಕೆ ಒಂದೇ ಒಂದು ದೌಗೊಂಗ್ ಇಡೀ ಫ್ರೇಮ್ ತುಂಬಲಿ, ಮೂರ್ತಿಶಿಲ್ಪದ ಥರ ನೋಡಿ. ಚಿಂಗ್ ಕಾಲದ್ದಕ್ಕೆ ಸಾಲು ಮುಖ್ಯ, ಟೆಲಿ ಲೆನ್ಸ್ ಹಾಕಿ ಪಕ್ಕದಿಂದ ನೋಡಿದ್ರೆ ಇಪ್ಪತ್ತು ಮೂವತ್ತು ದೌಗೊಂಗ್ ಒಂದರ ಹಿಂದೊಂದು ಒತ್ತಿಕೊಂಡು ಲಯ ಸಿಗತ್ತೆ.

ಅದೇ ಶಾನ್ಶಿಯಲ್ಲಿ ಯಿಂಗ್‌ಶ್ಯೆನ್ ಊರಿನ ಮರದ ಪಗೋಡ ಇದೆ, 1056ರದ್ದು, ಎತ್ತರ ಸುಮಾರು 67 ಮೀಟರ್, ಅದೊಂದರಲ್ಲೇ 54 ಬಗೆಯ ದೌಗೊಂಗ್ ಇದಾವೆ ಅಂತ ಲೆಕ್ಕ ಹಾಕಿದಾರೆ. ಮೇಲಿನ ಅಂತಸ್ತಿಗೆ ಹತ್ತೋಕೆ ಬಿಡಲ್ಲ, ಹಾಗಾಗಿ ಕನಿಷ್ಠ 200 ಎಂಎಂ ಲೆನ್ಸ್ ಬೇಕು, 300 ಇದ್ರೆ ಇನ್ನೂ ಒಳ್ಳೇದು. ಕೆಳಗಿನ ಅಂತಸ್ತಿಂದ ಮೇಲಕ್ಕೆ ಹೋಗ್ತಾ ದೌಗೊಂಗ್ ಹೇಗೆ ಬದಲಾಗತ್ತೆ ಅಂತ ಒಂದೇ ಜಾಗದಲ್ಲಿ ನಿಂತು ಅಂತಸ್ತು ಅಂತಸ್ತಾಗಿ ತೆಗೀಬಹುದು, ಅದೊಂದೇ ಒಂದು ಪೂರ್ತಿ ಸೀರೀಸ್ ಆಗತ್ತೆ.

ಬೆಳಕಿನ ಲೆಕ್ಕ

ಚೀನಾದ ಮುಖ್ಯ ಮಂದಿರಗಳು ಬಹುಪಾಲು ದಕ್ಷಿಣಕ್ಕೆ ಮುಖ ಮಾಡಿರ್ತಾವೆ, ಸೂರು ಆಳವಾಗಿ ಚಾಚಿರತ್ತೆ. ಬೀಜಿಂಗ್‌ನಲ್ಲಿ ಜೂನ್ ತಿಂಗಳ ಮಧ್ಯಾಹ್ನ ಸೂರ್ಯ ಸುಮಾರು 73 ಡಿಗ್ರಿ ಎತ್ತರಕ್ಕೆ ಹೋಗ್ತಾನೆ, ಡಿಸೆಂಬರ್ ಕೊನೇಲಿ ಬರೀ 27 ಡಿಗ್ರಿ. ಅಂದ್ರೆ ಬೇಸಿಗೇಲಿ ಸೂರಿನ ಅಡಿ ಪೂರ್ತಿ ಕತ್ತಲೆ, ಚಳಿಗಾಲದಲ್ಲಿ ಬಿಸಿಲು ಸೂರಿನ ಕೆಳಗೆ ನುಗ್ಗಿ ದೌಗೊಂಗ್ ತನಕ, ಬಾಗಿಲ ಜಾಲರಿ ತನಕ ಬರತ್ತೆ. ಕಟ್ಟಿದೋರು ಮನೆ ಬೇಸಿಗೇಲಿ ತಂಪಾಗಿ ಚಳೀಲಿ ಬೆಚ್ಚಗಿರಲಿ ಅಂತ ಮಾಡಿದ್ದು, ಅದರಿಂದ ನಮಗೆ ಕ್ಯಾಮೆರಾದೋರಿಗೂ ಲಾಭ. ನನ್ನ ಅಭಿಪ್ರಾಯದಲ್ಲಿ ಸೂರಿನ ಕೆಳಗಿನ ಕುಸುರಿಗೆ ನವೆಂಬರ್‌ನಿಂದ ಫೆಬ್ರವರಿ ತನಕದ ಕಾಲಕ್ಕೆ ಸಾಟಿ ಇಲ್ಲ, ಕೈ ಮರಗಟ್ಟೋ ಚಳಿ ಇರತ್ತೆ ನಿಜ, ಗ್ಲೌಸ್ ಹಾಕಿ, ಎರಡನೇ ಬ್ಯಾಟರಿ ಒಳಜೇಬಲ್ಲಿ ಇಟ್ಕೊಳ್ಳಿ.

ಬೀಜಿಂಗ್‌ನಲ್ಲಿರೋ ಹಳೇ ಚಕ್ರವರ್ತಿಗಳ ಅರಮನೆ ಫರ್ಬಿಡನ್ ಸಿಟಿಗೆ ಇದು ಇನ್ನೂ ಹೆಚ್ಚು ಅನ್ವಯ ಆಗತ್ತೆ. ಅದು ತೆರೆಯೋದೇ ಬೆಳಿಗ್ಗೆ 8:30ಕ್ಕೆ. ಬೇಸಿಗೇಲಿ ಬೀಜಿಂಗ್‌ನಲ್ಲಿ ಐದು ಗಂಟೆ ಒಳಗೇ ಸೂರ್ಯ ಹುಟ್ಟಿರ್ತಾನೆ, ಗೇಟ್ ತೆರೆಯೋ ಹೊತ್ತಿಗೆ ಒಳ್ಳೇ ಬೆಳಕು ಮುಗಿದೇ ಹೋಗಿರತ್ತೆ. ಚಳಿಗಾಲದಲ್ಲಿ ಸೂರ್ಯ ಹುಟ್ಟೋದೇ ಏಳೂವರೆಗೆ, ಹಾಗಾಗಿ ಮೊದಲ ಬ್ಯಾಚಲ್ಲಿ ಒಳಗೆ ಹೋದ್ರೆ ಇನ್ನೂ ಅಡ್ಡಡ್ಡ ಬೀಳೋ ಬಂಗಾರದ ಬಿಸಿಲು ಸಿಗತ್ತೆ, ಸಂಜೆ 4:30ಕ್ಕೆ ಮುಚ್ಚೋ ಹೊತ್ತಲ್ಲೂ ಅದೇ ಬೆಳಕು ಮತ್ತೆ ಸಿಗತ್ತೆ. ಸೋಮವಾರ ರಜೆ. ಟಿಕೆಟ್ ನವೆಂಬರ್‌ನಿಂದ ಮಾರ್ಚ್ ತನಕ 40 ಯುವಾನ್, ಏಪ್ರಿಲ್‌ನಿಂದ ಅಕ್ಟೋಬರ್ ತನಕ 60 ಯುವಾನ್, ಪಾಸ್‌ಪೋರ್ಟ್ ನಂಬರ್ ಕೊಟ್ಟು ಆನ್‌ಲೈನಲ್ಲಿ ಮೊದಲೇ ಬುಕ್ ಮಾಡ್ಬೇಕು, ಬಾಗಿಲಲ್ಲಿ ನಿಂತು ತಗೊಳ್ತೀನಿ ಅಂದ್ರೆ ಆಗಲ್ಲ. ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಒಳಗೆ ಬಳಸೋ ಆಸೆ ಬಿಟ್ಟುಬಿಡಿ. ಡ್ರೋನ್ ಅಂತೂ ಬೀಜಿಂಗ್‌ನಲ್ಲಿ ಹೋಟೆಲಿಂದ ಹೊರಗೇ ತೆಗೀಬೇಡಿ.

ದಿಕ್ಕಿನ ಲೆಕ್ಕಕ್ಕೆ ಅಪವಾದಗಳೂ ಇದಾವೆ, ಅವನ್ನ ಮೊದಲೇ ತಿಳ್ಕೊಂಡು ಹೋದ್ರೆ ಒಂದಿಡೀ ದಿನ ಉಳಿಯತ್ತೆ. ಫೊಗ್ವಾಂಗ್‌ನ ಪೂರ್ವ ಮಂದಿರ ಬೆಟ್ಟಕ್ಕೆ ಬೆನ್ನು ಕೊಟ್ಟು ಪಶ್ಚಿಮಕ್ಕೆ ನೋಡ್ತಾ ಇದೆ, ಬೆಳಿಗ್ಗೆ ಅಲ್ಲಿ ಮುಂಭಾಗ ಪೂರ್ತಿ ನೆರಳು, ಮಧ್ಯಾಹ್ನ ಮೂರರ ಮೇಲೆ ಹೋಗಿ. ಹಾಗೇನೇ ಬಾಗಿಲಿಗೆ ಎದುರಾಗಿ ಕಟ್ಟೋ ಮರೆಗೋಡೆಗಳು. ಬಾಗಿಲು ದಕ್ಷಿಣಕ್ಕೆ ಇದ್ರೆ ಅದರ ಎದುರಿನ ಗೋಡೆಯ ಮುಖ ಉತ್ತರಕ್ಕೆ ತಾನೇ? ಫರ್ಬಿಡನ್ ಸಿಟಿಯ ಒಂಬತ್ತು ಡ್ರ್ಯಾಗನ್ ಗೋಡೆ ಹಾಗೇ ಉತ್ತರಕ್ಕೆ ಮುಖ ಮಾಡಿದೆ, ಚಳಿಗಾಲದಲ್ಲಿ ಅದಕ್ಕೆ ನೇರ ಬಿಸಿಲು ಬೀಳೋದೇ ಇಲ್ಲ. ಬೇಜಾರು ಮಾಡ್ಕೋಬೇಡಿ, ಮೆರುಗು ಕೊಟ್ಟ ಹೆಂಚಿಗೆ ನೆರಳಿನ ಮೆತ್ತನೆ ಬೆಳಕೇ ವಾಸಿ, ಬಣ್ಣ ಆಳವಾಗಿ ಬರತ್ತೆ, ಚುಚ್ಚೋ ಹೊಳಪು ಇರಲ್ಲ. ಆ ಗೋಡೆ ಇರೋ ಟ್ರೆಷರ್ ಗ್ಯಾಲರಿ ಭಾಗಕ್ಕೆ ಬೇರೆ 10 ಯುವಾನ್ ಟಿಕೆಟ್. ಇದೇ ಥರದ್ದು ಇನ್ನೂ ಹಳೇದು ಮತ್ತು ದೊಡ್ಡದು ಬೇಕಂದ್ರೆ ದಾತೊಂಗ್ ಊರಿಗೆ ಹೋಗಿ, ಅದು 1392ರದ್ದು, ಸುಮಾರು 45 ಮೀಟರ್ ಉದ್ದ. ಅಲ್ಲಿ ಒಂಬತ್ತೂ ಡ್ರ್ಯಾಗನ್ ಒಟ್ಟಿಗೆ ಹಿಡಿಯೋಕೆ ಹೋಗ್ಬೇಡಿ, ಒಂದು ಪಂಜ ಮತ್ತು ಅದರ ಹಿಂದಿನ ಅಲೆ, ಅಷ್ಟು ಸಾಕು. ಹೆಂಚಿನ ತುಂಡುಗಳು ಸೇರೋ ಗೆರೆ ಫ್ರೇಮಲ್ಲಿ ಕಾಣೋ ಹಾಗೆ ಬಿಡಿ, ಬೇರೆ ಬೇರೆ ಸುಟ್ಟ ತುಂಡುಗಳನ್ನ ತಂದು ಒಂದೇ ಮೈ ಮಾಡಿದಾರೆ ಅನ್ನೋದು ಆ ಗೆರೆಯಿಂದಾನೇ ಗೊತ್ತಾಗೋದು.

ಕಲ್ಲು ಮತ್ತು ಇಟ್ಟಿಗೆ ಕೆತ್ತನೆಗೆ ಮಾತ್ರ ಇದರ ಉಲ್ಟಾ. ಮೋಡದ ಬೆಳಕಲ್ಲಿ ಕೆತ್ತನೆ ಚಪ್ಪಟೆ, ನೆತ್ತಿ ಬಿಸಿಲಲ್ಲೂ ಚಪ್ಪಟೆ, ಬಿಸಿಲು ಮೇಲ್ಮೈಯನ್ನ ಸವರಿಕೊಂಡು ಪಕ್ಕದಿಂದ ಬರ್ಬೇಕು. ಪ್ರತಿ ಉಳಿ ಗುರುತಿನ ಪಕ್ಕ ಒಂದೊಂದು ತೆಳು ನೆರಳು ಬಿದ್ರೆ ಆಗ ಕಲ್ಲು ಮಾತಾಡತ್ತೆ. ಫರ್ಬಿಡನ್ ಸಿಟಿಯ ಬಾವ್‌ಹೆ ಮಂದಿರದ ಹಿಂದೆ ಒಂದು ದೊಡ್ಡ ಡ್ರ್ಯಾಗನ್ ಚಪ್ಪಡಿ ಇದೆ, 16 ಮೀಟರ್‌ಗಿಂತ ಉದ್ದ, 200 ಟನ್‌ಗಿಂತ ತೂಕ. ಚಳಿಗಾಲದಲ್ಲಿ ದಾರಿ ಮೇಲೆ ನೀರು ಸುರಿದು ಮಂಜುಗಡ್ಡೆ ಮಾಡಿ ಅದರ ಮೇಲೆ ಇಂಥ ಕಲ್ಲುಗಳನ್ನ ಎಳೆದು ತಂದ್ರು. ಅದನ್ನ ಪೂರ್ತಿ ಹಿಡಿದ್ರೆ ಸೈಜ್ ಗೊತ್ತಾಗೋದೇ ಇಲ್ಲ, ಒಂದು ಮೋಡದ ಸುರುಳಿ ಮತ್ತು ಪಕ್ಕದ ಮೆಟ್ಟಿಲಿನ ಅಂಚು ಎರಡನ್ನೂ ಸೇರಿಸಿ, ಅಳತೆ ತಾನಾಗೇ ಬರತ್ತೆ.

ಚಾವಣಿ ಏಣಿನ ಪ್ರಾಣಿಗಳು, ಬಾಗಿಲ ಮೊಳೆಗಳು

ಚಾವಣಿಯ ಇಳಿಜಾರು ಏಣಿನ, ಅಂದ್ರೆ ಎರಡು ಇಳಿಜಾರು ಸೇರೋ ಉಬ್ಬಿದ ಅಂಚಿನ, ತುದೀಲಿ ಸಾಲಾಗಿ ಕೂತಿರೋ ಪುಟ್ಟ ಪ್ರಾಣಿಗಳನ್ನ ಎಲ್ಲರೂ ನೋಡಿರ್ತಾರೆ. ಮೂಲದಲ್ಲಿ ಅವು ಹೆಂಚು ಜಾರದ ಹಾಗೆ ಹೊಡೆದ ಮೊಳೆಯನ್ನ ಮುಚ್ಚೋ ಟೋಪಿಗಳು, ಮಳೆ ನೀರು ಆ ತೂತಲ್ಲಿ ಇಳೀಬಾರದು ಅಂತ. ಆಮೇಲೆ ಅವು ಅಂತಸ್ತಿನ ಗುರುತಾದ್ವು, ಪ್ರಾಣಿ ಜಾಸ್ತಿ ಇದ್ದಷ್ಟೂ ಕಟ್ಟಡದ ದರ್ಜೆ ಜಾಸ್ತಿ. ಫರ್ಬಿಡನ್ ಸಿಟಿಯ ತಾಯ್‌ಹೆ ಮಂದಿರದಲ್ಲಿ ಮಾತ್ರ ಹತ್ತು ಇದಾವೆ, ಆ ಹತ್ತನೇದು, ರೆಕ್ಕೆ ಇರೋ ಕೋತಿ ಮುಖದ್ದು, ಬೇರೆ ಎಲ್ಲೂ ಇಲ್ಲ. ಅದೇ ಚಾವಣಿಯ ನೆತ್ತಿಯ ಏಣಿನ ಎರಡು ತುದೀಲಿ ಬಾಯಿ ಕಳೆದು ಏಣನ್ನ ಕಚ್ಚಿಕೊಂಡಿರೋ ದೊಡ್ಡ ಪ್ರಾಣಿ ಇದೆಯಲ್ಲ, ಅದರ ಎತ್ತರ 3.4 ಮೀಟರ್, 13 ತುಂಡು ಸೇರಿಸಿ ಮಾಡಿದ್ದು. ಕೆಳಗಿಂದ ನೋಡೋರಿಗೆ ಅದು ಆಳೆತ್ತರಕ್ಕಿಂತ ದೊಡ್ಡದು ಅಂತ ಅನ್ಸೋದೇ ಇಲ್ಲ.

ಇವಕ್ಕೆ ಲೆನ್ಸ್ 200 ಎಂಎಂ ಮೇಲೆ ಇರಲಿ. ಹತ್ರ ಹೋಗಿ ಕತ್ತೆತ್ತಿ ತೆಗೆದ್ರೆ ಬರೀ ಹೊಟ್ಟೆ ಕಾಣತ್ತೆ, ಅಂಗಳದ ಆಚೆ ತುದಿಗೆ ಹೋಗಿ, ಸಾಧ್ಯ ಆದ್ರೆ ಎದುರಿನ ಕಟ್ಟಡದ ಜಗಲಿ ಮೇಲೆ ನಿಂತು ಆದಷ್ಟು ಸಮಮಟ್ಟದಿಂದ ತೆಗೀರಿ. ಆಕಾಶ ಖಾಲಿ ಇರೋದು ಮುಖ್ಯ. ನಾನು ಫ್ರೇಮಿನ ಮೂರನೇ ಎರಡು ಭಾಗ ಬರೀ ಆಕಾಶ ಬಿಡ್ತೀನಿ, ಬೂದು ಆಕಾಶ ಆದ್ರೆ ಇನ್ನೂ ಚೆನ್ನ, ಮಂಜು ಕವಿದಿದ್ರೆ ಹಿಂದಿನ ಚಾವಣಿಗಳು ಒಂದೊಂದಾಗಿ ತಿಳಿಯಾಗ್ತಾ ಹೋಗ್ತಾವೆ. ಹಳೇ ಚೀನೀ ಚಿತ್ರಕಾರರು ಕಾಗದದಲ್ಲಿ ಖಾಲಿ ಜಾಗ ಬಿಡ್ತಾ ಇದ್ದಿದ್ದನ್ನ ನೋಡಿ, ಅಲ್ಲಿ ನೀರು ಅಥವಾ ಮಂಜು ಇದೆ ಅಂತ ನೋಡೋರ ಕಣ್ಣೇ ತುಂಬಿಕೊಳ್ಳತ್ತೆ. ಅದೇ ಧೈರ್ಯ ನಿಮಗೂ ಬೇಕು.

ಬಾಗಿಲ ಗುಂಡು ಮೊಳೆಗಳೂ ಹಲಗೆಗಳನ್ನ ಹಿಂದಿನ ಅಡ್ಡಪಟ್ಟಿಗೆ ಬಿಗಿಯೋಕೆ ಬಂದಿದ್ದು, ಅರಮನೆ ಬಾಗಿಲಲ್ಲಿ ಒಂಬತ್ತು ಸಾಲು, ಸಾಲಿಗೆ ಒಂಬತ್ತು ಮೊಳೆ, ಒಟ್ಟು 81. ಫರ್ಬಿಡನ್ ಸಿಟಿಯ ಪೂರ್ವದ ದೊಂಗ್‌ಹುವಾ ಬಾಗಿಲಲ್ಲಿ ಮಾತ್ರ 72. ಇವನ್ನ ಎದುರಿಂದ ನೇರವಾಗಿ ತೆಗೆದ್ರೆ ಪೋಸ್ಟ್‌ಕಾರ್ಡ್, ಆ ಕೆಲಸ ಈಗಾಗಲೇ ಆಗಿದೆ. ಜನರ ಕೈ ತಾಗಿ ತಾಗಿ ಕೆಳಗಿನ ಮೊಳೆಗಳ ಗಿಲೀಟು ಸವೆದು ಒಳಗಿನ ಲೋಹ ಕಾಣೋ ಜಾಗ ಹುಡುಕಿ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಇರೋ ವ್ಯತ್ಯಾಸ ಒಂದೇ ಫ್ರೇಮಲ್ಲಿ ಬಂದ್ರೆ ಅಲ್ಲಿ ಕಾಲ ಕಾಣತ್ತೆ. ಒಟ್ಟಾರೆ ಸಾಲಿನ ಚಿತ್ರ ತೆಗೆಯುವಾಗ ಸಾಲು ಮುರಿಯೋ ಜಾಗವನ್ನ ಹುಡುಕೋದು ಒಳ್ಳೇ ಅಭ್ಯಾಸ, ಒಡೆದ ಒಂದು ಹೆಂಚು, ಹೊಸದಾಗಿ ಹಾಕಿದ ಒಂದು ಮೊಳೆ, ಏಣಿನ ಸಂದಿಯಲ್ಲಿ ಬೆಳೆದ ಹುಲ್ಲು.

ಕೆಂಪು, ಹಳದಿ, ಕ್ಯಾಮೆರಾ ಸೆಟ್ಟಿಂಗ್

ಅರಮನೆಯ ಕೆಂಪು ಗೋಡೆ ಮತ್ತು ಹಳದಿ ಹೆಂಚು ಕ್ಯಾಮೆರಾವನ್ನ ಸರಿಯಾಗಿ ದಾರಿ ತಪ್ಪಿಸ್ತಾವೆ. ಆಟೋ ವೈಟ್ ಬ್ಯಾಲೆನ್ಸ್ ಇಟ್ರೆ ಕೆಂಪು ಜಾಸ್ತಿ ಇದೆ ಅಂದ್ಕೊಂಡು ಅದನ್ನ ತಣ್ಣಗೆ ಮಾಡಿಬಿಡತ್ತೆ, ಪ್ರತಿ ಫ್ರೇಮಲ್ಲೂ ಗೋಡೆ ಬೇರೆ ಬೇರೆ ಬಣ್ಣ. ಡೇಲೈಟ್‌ಗೆ ಫಿಕ್ಸ್ ಮಾಡಿ, ಸುಮಾರು 5200 ಕೆಲ್ವಿನ್, ಎಲ್ಲಾ ರಾ ಫೈಲಲ್ಲೇ ತೆಗೀರಿ. ಹಿಸ್ಟೋಗ್ರಾಮ್, ಅಂದ್ರೆ ಫೋಟೋದಲ್ಲಿ ಬೆಳಕು ಎಷ್ಟಿದೆ ಅಂತ ತೋರಿಸೋ ಗ್ರಾಫ್ ನೋಡುವಾಗ ಬಿಳಿ ಹಿಸ್ಟೋಗ್ರಾಮ್ ಒಂದನ್ನೇ ನಂಬ್ಬೇಡಿ, ಆರ್‌ಜಿಬಿ ಮೂರೂ ತೆರೆದು ನೋಡಿ, ಬಿಸಿಲಲ್ಲಿರೋ ಕೆಂಪು ಗೋಡೇಲಿ ಕೆಂಪು ಚಾನೆಲ್ ಮೊದಲೇ ತುಂಬಿ ಚೆಲ್ಲಿಹೋಗಿರತ್ತೆ, ಒಟ್ಟು ಎಕ್ಸ್‌ಪೋಶರ್ ಸರಿ ಇದ್ದ ಹಾಗೇ ಕಾಣತ್ತೆ, ಆಮೇಲೆ ಗೋಡೆಯ ಬಿರುಕು, ಬಣ್ಣ ಏಳೋ ಪದರ ಯಾವುದೂ ವಾಪಸ್ ಬರಲ್ಲ. ಅರ್ಧದಿಂದ ಮುಕ್ಕಾಲು ಸ್ಟಾಪ್ ಕಮ್ಮಿ ಮಾಡಿ ತೆಗೆದ್ರೆ ಸೇಫ್. ಸುಣ್ಣದ ಬಿಳಿ ಗೋಡೆಗೆ ಹೋದಾಗ ಇದಕ್ಕೆ ಉಲ್ಟಾ, ಒಂದು ಸ್ಟಾಪ್ ಹೆಚ್ಚಿಸಿ, ಇಲ್ದಿದ್ರೆ ಗೋಡೆ ಬೂದು ಬಣ್ಣಕ್ಕೆ ತಿರುಗತ್ತೆ.

ಪೋಲರೈಸರ್ ಫಿಲ್ಟರ್ ಒಂದು ಇರಲೇಬೇಕು. ಮೆರುಗಿನ ಹೆಂಚು, ಅರಗಿನ ಬಣ್ಣ, ಒದ್ದೆ ಕಲ್ಲು, ಇವುಗಳ ಮೇಲಿನ ಹೊಳಪನ್ನ ಅದು ಕಮ್ಮಿ ಮಾಡತ್ತೆ. ಪೂರ್ತಿ ತೆಗೆದುಬಿಡ್ಬೇಡಿ, ಮೆರುಗಿಗೆ ಸ್ವಲ್ಪ ಮಿಂಚು ಬೇಕು, ಇಲ್ದಿದ್ರೆ ಹೆಂಚು ಪ್ಲಾಸ್ಟಿಕ್ ಥರ ಆಗತ್ತೆ. ಗಿಲೀಟು ಕೆಲಸದ ಮೇಲೆ ಪೋಲರೈಸರ್ ಏನೂ ಮಾಡಲ್ಲ, ಲೋಹದ ಹೊಳಪಿಗೆ ಅದು ಉಪಯೋಗ ಇಲ್ಲ, ಅಲ್ಲಿ ನೀವೇ ಎರಡು ಹೆಜ್ಜೆ ಆ ಕಡೆ ಈ ಕಡೆ ಹೋಗಿ ನೋಡ್ಬೇಕು.

ಅಪರ್ಚರ್ ಸಾಮಾನ್ಯವಾಗಿ ಎಫ್ 8. ಟ್ರೈಪಾಡ್ ಇಲ್ಲದ ಕಡೆ ಐಎಸ್‌ಒ 800, 1600ಕ್ಕೆ ಹೆದರಬೇಡಿ, ನಾಯ್ಸ್ ಕಮ್ಮಿ ಮಾಡ್ಬಹುದು, ಅಲುಗಿದ ಫೋಟೋ ಸರಿ ಮಾಡೋಕಾಗಲ್ಲ, ಮೂರು ನಾಲ್ಕು ಫ್ರೇಮ್ ಒಟ್ಟಿಗೆ ಹೊಡೀರಿ ಒಂದಾದ್ರೂ ಶಾರ್ಪ್ ಬರತ್ತೆ. ಕೈ ನಿಲ್ಲಿಸೋಕೆ ಅಂತ ಬಣ್ಣದ ಕಂಬಕ್ಕೆ ಮಾತ್ರ ಒರಗಬೇಡಿ. ಆ ಬಣ್ಣದ ಅಡಿಯಲ್ಲಿ ಸೆಣಬು ನಾರು, ಇಟ್ಟಿಗೆ ಪುಡಿ, ತುಂಗ್ ಎಣ್ಣೆ, ಹಂದಿ ರಕ್ತ ಎಲ್ಲಾ ಕಲಸಿ ಬಳಿದ ದಪ್ಪ ಪದರ ಇದೆ, ಮರಕ್ಕೆ ಗಾಳಿ ನೀರು ತಾಗಬಾರದು ಅಂತ ಮಾಡಿದ್ದು, ಹಳೇದಾದಾಗ ಅದು ಸಿಪ್ಪೆ ಸಿಪ್ಪೆಯಾಗಿ ಏಳತ್ತೆ, ನಿಮ್ಮ ಮೊಣಕೈ ತಾಗಿದ್ರೆ ಒಂದು ತುಂಡು ಉದುರತ್ತೆ. ಆ ಬಿರುಕುಗಳನ್ನ 100 ಎಂಎಂ ಮ್ಯಾಕ್ರೋದಲ್ಲಿ ತೆಗೀರಿ, ನಾರು ಕಾಣೋ ತನಕ ಹತ್ರ ಹೋಗಿ, ಅದೊಂದು ಬೇರೇನೇ ಲೋಕ.

ಸೂರಿನ ಅಡಿಯ ತೊಲೆಗಳ ಬಣ್ಣದ ಚಿತ್ರಗಳು ಹೆಚ್ಚಾಗಿ ನೀಲಿ ಹಸಿರು, ನೆರಳಲ್ಲಿ ಇರೋ ಜಾಗ ಅದು, ಜೊತೆಗೆ ನೀಲಿ ಆಕಾಶದ ಬೆಳಕು ಬೇರೆ. ವೈಟ್ ಬ್ಯಾಲೆನ್ಸ್ ಸ್ವಲ್ಪ ಬೆಚ್ಚಗೆ ಮಾಡಿ, ಆದ್ರೆ ಪೂರ್ತಿ ಬೆಚ್ಚಗೆ ಮಾಡಿ ಆ ತಂಪನ್ನ ಕೊಲ್ಲಬೇಡಿ. ಚಿತ್ರದಲ್ಲೂ ದರ್ಜೆ ಇದೆ, ಚಿನ್ನದ ಡ್ರ್ಯಾಗನ್ ಇರೋದು ಅತಿ ಮೇಲಿನದು, ಸುರುಳಿ ಹೂವಿನದು ಅದರ ಕೆಳಗೆ, ಹಕ್ಕಿ ಬೆಟ್ಟ ಕಥೆಗಳಿರೋ ಸೂಜೌ ಶೈಲಿ ತೋಟದ ಕಟ್ಟಡಗಳಿಗೆ. ಈ ಸೂಜೌ ಶೈಲಿ ಮನಸಾರೆ ನೋಡ್ಬೇಕಂದ್ರೆ ಬೀಜಿಂಗ್‌ನ ಸಮ್ಮರ್ ಪ್ಯಾಲೇಸಿನ 728 ಮೀಟರ್ ಉದ್ದದ ಪಡಸಾಲೆಗೆ ಹೋಗಿ.

ಸೂಜೌ ತೋಟಗಳು, ಹುಯ್‌ಝೌ ಮನೆಗಳು

ಇಲ್ಲಿ ಬಣ್ಣ ಮುಗೀತು, ಬಿಳಿ ಗೋಡೆ ಕಪ್ಪು ಹೆಂಚು ಶುರು. ಶಾಂಘೈ ಹತ್ರದ ಸೂಜೌ ಊರಿನ ಹಳೇ ತೋಟಗಳಲ್ಲಿ ಗೋಡೆಗೆ ಕೊರೆದ ಜಾಲಂಧ್ರಗಳು ಇರ್ತಾವೆ, ತ್ಸಾಂಗ್‌ಲಾಂಗ್ ತೋಟ ಒಂದರಲ್ಲೇ 108 ಇದಾವೆ, ಒಂದರ ಡಿಸೈನ್ ಇನ್ನೊಂದಕ್ಕಿಲ್ಲ ಅಂತ ಹೇಳ್ತಾರೆ. ಇವುಗಳ ಕೆಲಸ ಪೂರ್ತಿ ತೋರಿಸದೆ ಆಸೆ ಹುಟ್ಟಿಸೋದು, ಆಚೆ ಇರೋ ಬಿದಿರು, ನೀರು, ಬಂಡೆ ಅರ್ಧಂಬರ್ಧ ಕಂಡು ನಡೆಯೋನು ಮುಂದಿನ ಬಾಗಿಲ ತನಕ ಹೋಗ್ಲಿ ಅಂತ. ಹಾಗಾಗಿ ಫೋಕಸ್ ಜಾಲರಿ ಮೇಲೆ ಇಡಿ, ಆಚೆದು ಎಫ್ 4ರಲ್ಲಿ ಮೆತ್ತಗೆ ಕರಗಲಿ, ಪೂರ್ತಿ ಮಸುಕಾಗೋದೂ ಬೇಡ, ಬಿದಿರು ಅಂತ ಗೊತ್ತಾಗ್ಬೇಕು. ಎರಡೂ ಶಾರ್ಪ್ ಬೇಕಂತ ಬೇರೆ ಬೇರೆ ಫೋಕಸ್‌ನ ಫ್ರೇಮ್‌ಗಳನ್ನ ಸೇರಿಸಿ ಫೋಕಸ್ ಸ್ಟ್ಯಾಕ್ ಮಾಡೋರಿದಾರೆ, ನನಗೆ ಅದು ಇಷ್ಟ ಆಗಲ್ಲ, ಜಾಲಂಧ್ರದ ಗುಟ್ಟೇ ಹೋಗಿಬಿಡತ್ತೆ. ಬಿರುಕು ಬಿಟ್ಟ ಮಂಜುಗಡ್ಡೆಯ ಡಿಸೈನ್ ಇರೋ ಕಿಟಕಿ ಸಿಕ್ಕಿದ್ರೆ ಬಿಡ್ಬೇಡಿ, ಒಂದೇ ಒಂದು ಲಂಬ ಕೋನ ಇಲ್ಲದೆ ಎಲ್ಲಾ ಪಟ್ಟಿ ಒಂದಕ್ಕೊಂದು ಆತುಕೊಂಡಿರೋದು ನೋಡೋದೇ ಒಂದು ಖುಷಿ.

ಜಾಲಂಧ್ರಕ್ಕಿಂತ ಅದರ ನೆರಳು ಒಮ್ಮೊಮ್ಮೆ ಹೆಚ್ಚು ಚೆನ್ನ. ಬೆಳಿಗ್ಗೆ ಒಂದು ಗೋಡೆ ಮೇಲೆ, ಸಂಜೆ ಎದುರಿನ ಗೋಡೆ ಮೇಲೆ. ಜೂನ್ ಮಧ್ಯದಿಂದ ಜುಲೈ ಶುರುವಿನ ತನಕ ಆ ಕಡೆಯೆಲ್ಲ ಜಿಟಿಜಿಟಿ ಮಳೆಗಾಲ, ಪ್ರವಾಸಿಗಳು ಗೊಣಗ್ತಾರೆ, ನೀವು ಮಾತ್ರ ಹೋಗಿ, ಸುಣ್ಣದ ಗೋಡೆ ಮೇಲೆ ನೀರಿನ ಕಲೆ ಹರಡಿ ಮಸಿ ಚಿತ್ರದ ಹಾಗಾಗಿರತ್ತೆ, ಹೆಂಚಿನ ತುದಿಯ ನಾಲಿಗೆಯಿಂದ ನೀರು ಒಂದೊಂದೇ ದಾರವಾಗಿ ಇಳಿಯತ್ತೆ. ಆ ತ್ರಿಕೋನದ ತುದಿ ಹೆಂಚು ಮಾಡಿರೋದೇ ನೀರು ಗೋಡೆಗೆ ತಾಗದೆ ದೂರ ಬೀಳ್ಲಿ ಅಂತ, ಒಣಗಿದ ದಿನ ತೆಗೆದ್ರೆ ಅದು ಅಲಂಕಾರ, ಮಳೇಲಿ ತೆಗೆದ್ರೆ ಅದರ ಕೆಲಸ ಕಾಣತ್ತೆ. ಶಟರ್ 1/30 ಇಟ್ರೆ ನೀರು ಗೆರೆಯಾಗತ್ತೆ, 1/500 ಇಟ್ರೆ ಮಣಿ.

ಆನ್‌ಹುಯಿ ಪ್ರಾಂತ್ಯದ ಹುಯ್‌ಝೌ ಸೀಮೆಯ ಶೀದಿ, ಹೊಂಗ್‌ಚುನ್ ಹಳ್ಳಿಗಳು 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ವು. ಅಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ಏರೋ ಗೋಡೆ, ಕುದುರೆ ತಲೆ ಗೋಡೆ ಅಂತಾರೆ, ಪಕ್ಕದ ಮನೆಗೆ ಹೊತ್ತಿದ ಬೆಂಕಿ ಈ ಮನೆ ಚಾವಣಿಗೆ ದಾಟದೇ ಇರಲಿ ಅಂತ ಎತ್ತರ ಮಾಡಿದ್ದು. ಎರಡು ಮನೆ ನಡುವಿನ ಸಂದಿಯನ್ನ ಫ್ರೇಮಲ್ಲಿ ಇಟ್ರೆ ಆ ಅರ್ಥ ಬರತ್ತೆ. ಈ ಮನೆಗಳ ಒಳಗೆ ಒಂದು ಕಿರಿದಾದ ತೆರೆದ ತೊಟ್ಟಿ, ನಾಲ್ಕೂ ಕಡೆ ಚಾವಣಿ ಒಳಕ್ಕೆ ಇಳಿದಿರತ್ತೆ, ಬೆಳಕು ಮೇಲಿಂದ ಮಾತ್ರ. ಮರದ ಕೆತ್ತನೆಗೆ ಅದು ಅದ್ಭುತ ಬೆಳಕು, ಆದ್ರೆ ಸ್ವಲ್ಪ ಹೊತ್ತು ಮಾತ್ರ ಇರತ್ತೆ, ತೊಟ್ಟಿಯ ಬಿಸಿಲಿನ ಚೌಕ ಗೋಡೆ ಮೇಲೆ ಇಳೀತಾ ಕೆತ್ತನೆಗೆ ಇನ್ನೂ ಒಂದು ಗೇಣು ದೂರ ಇದ್ದಾಗ ತೆಗೀರಿ, ಬಿಸಿಲು ನೇರ ಬಿದ್ದ ಮೇಲೆ ಕಾಂಟ್ರಾಸ್ಟ್ ಜಾಸ್ತಿಯಾಗಿ ಕೆಡತ್ತೆ.

ಒಂದು ವಿಷಯ ಮನಸ್ಸಿಗೆ ತಟ್ಟೋದು. ದೇಶದ ತುಂಬಾ ಎಷ್ಟೋ ಹಳೇ ಮನೆಗಳ ಕೆತ್ತನೇಲಿ ಮನುಷ್ಯರ ಮುಖಗಳು ಇಲ್ಲ, 1966ರಿಂದ 1976ರ ಸಾಂಸ್ಕೃತಿಕ ಕ್ರಾಂತಿ ಹೊತ್ತಲ್ಲಿ ಉಳಿ ಹಾಕಿ ತೆಗೆದಿದಾರೆ, ಕೆಲವು ಕಡೆ ಮನೆಯೋರೇ ಕೆತ್ತನೆ ಮೇಲೆ ಮಣ್ಣು ಮೆತ್ತಿ ಮುಚ್ಚಿ ಉಳಿಸಿಕೊಂಡ್ರು. ಫೋಟೋಗ್ರಾಫರ್‌ಗಳು ಮುಖ ಇರೋ ಮೂರ್ತಿ ಹುಡುಕಿಕೊಂಡು ಹೋಗ್ತಾರೆ, ದಯವಿಟ್ಟು ಮುಖ ಇಲ್ಲದ್ದನ್ನೂ ತೆಗೀರಿ, ಅಷ್ಟೇ ಗೌರವದಿಂದ, ಅಷ್ಟೇ ಒಳ್ಳೇ ಬೆಳಕಲ್ಲಿ. ಚಕ್ರವರ್ತಿಗಳ ವಿರುದ್ಧ ಕ್ರಾಂತಿ ಆದ 1911ಕ್ಕೇ ಕಟ್ಟಡದ ಚರಿತ್ರೆ ಮುಗೀಲಿಲ್ಲ.

ಈ ಹಳ್ಳಿಗಳಲ್ಲಿ ಜನ ವಾಸ ಇದಾರೆ. ಒಳಗೆ ಕಾಲಿಡೋ ಮೊದಲು "ಕೆಯಿ ಪಾಯ್ ಮಾ?" ಅಂತ ಕೇಳಿ, ಫೋಟೋ ತೆಗೀಬಹುದಾ ಅಂತ ಅರ್ಥ, ಬೇಡ ಅಂದ್ರೆ ನಕ್ಕು ಮುಂದೆ ಹೋಗಿ. ದೇವಸ್ಥಾನದ ಒಳಗಿನ ಮೂರ್ತಿಗಳಿಗೆ ಎಷ್ಟೋ ಕಡೆ ಫೋಟೋ ನಿಷೇಧ, ಫ್ಲಾಶ್ ಅಂತೂ ಎಲ್ಲೂ ಬೇಡ, ಹಳೇ ಬಣ್ಣಕ್ಕೆ ಒಳ್ಳೇದಲ್ಲ.

ದಕ್ಷಿಣಕ್ಕೆ ಹೋಗೋರಿಗೆ ಗ್ವಾಂಗ್‌ಝೌನ ಚೆನ್ ಕುಲದ ಹಿರಿಯರ ಮಂದಿರ ಇದೆ, 1890ರ ದಶಕದಲ್ಲಿ ಮುಗಿದಿದ್ದು, ಏಣಿನ ಮೇಲೆ ಹತ್ರದ ಶಿವಾನ್ ಊರಲ್ಲಿ ಮಾಡಿದ ಸುಟ್ಟ ಮಣ್ಣಿನ ಗೊಂಬೆಗಳ ನಾಟಕವೇ ನಡೀತಿರತ್ತೆ. ಅಲ್ಲಿ ಕುಸುರಿ ಎಷ್ಟು ಜಾಸ್ತಿ ಅಂದ್ರೆ ಕಣ್ಣು ದಣಿಯತ್ತೆ, ಒಂದು ಸಲಕ್ಕೆ ಒಂದೇ ಮಾಧ್ಯಮ ಆರಿಸ್ಕೊಳ್ಳಿ, ಇವತ್ತು ಇಟ್ಟಿಗೆ ಕೆತ್ತನೆ ಮಾತ್ರ ಅಂತ.

ಮನೆಗೆ ಬಂದ ಮೇಲೆ

ಎಡಿಟಿಂಗಲ್ಲಿ ನನ್ನ ಕಟ್ಟುನಿಟ್ಟು ಒಂದೇ, ಸ್ಯಾಚುರೇಶನ್ ಸ್ಲೈಡರ್ ಮುಟ್ಟಬೇಡಿ. ಈ ಬಣ್ಣಗಳು ಮೊದಲೇ ಸಾಕಷ್ಟು ಜೋರಾಗಿದಾವೆ, ಬೇರೆ ಬೇರೆ ಎಕ್ಸ್‌ಪೋಶರ್ ಸೇರಿಸೋ ಎಚ್‌ಡಿಆರ್ ಹಾಕಿ ಸೂರಿನ ನೆರಳನ್ನ ಪೂರ್ತಿ ಎತ್ತಿದ್ರೆ ಕಟ್ಟಡದ ತೂಕವೇ ಹೋಗತ್ತೆ, ಆ ನೆರಳನ್ನ ಕಟ್ಟಿದೋರು ಬೇಕಂತಲೇ ಇಟ್ಟಿದ್ದು. ಕಪ್ಪು ಬಿಳುಪು ಮಾಡೋದಾದ್ರೆ ಒಂದೇ ಬಟನ್ ಒತ್ತಿ ಮುಗಿಸಬೇಡಿ, ಬಣ್ಣದ ಸ್ಲೈಡರ್‌ಗಳಲ್ಲಿ ಕೆಂಪನ್ನ ಕೆಳಗಿಳಿಸಿದ್ರೆ ಗೋಡೆ ಕಪ್ಪಾಗಿ ಹಳದಿ ಹೆಂಚು ಅದರ ಮೇಲೆ ಬೆಳಗತ್ತೆ, ಕೆಂಪನ್ನ ಏರಿಸಿದ್ರೆ ಗೋಡೆ ಬಿಳಿಚಿ ಬಿರುಕುಗಳು ಕಾಣ್ತಾವೆ, ಒಂದೇ ಫೈಲಿಂದ ಎರಡು ಬೇರೆ ಚಿತ್ರ. ಸೂಜೌ ಮತ್ತು ಹುಯ್‌ಝೌ ಚಿತ್ರಗಳನ್ನ ಮಾತ್ರ ನಾನು ಕಲರಲ್ಲೇ ಇಡ್ತೀನಿ, ಬಿಳಿ ಗೋಡೇಲಿ ಇರೋ ಪಾಚಿ ಹಸಿರು, ತಿಳಿ ಕಂದು, ನೀಲಿ ಬೂದು, ಇವೆಲ್ಲ ಬಹಳ ಸೂಕ್ಷ್ಮ, ಕಪ್ಪು ಬಿಳುಪಲ್ಲಿ ಸತ್ತುಹೋಗ್ತಾವೆ.

ಗೆರೆಗಳನ್ನ ನೇರ ಮಾಡಿ. ಕಂಬ, ಬಾಗಿಲ ಚೌಕಟ್ಟು ಒಂದು ಡಿಗ್ರಿ ವಾಲಿದ್ರೂ ಪ್ರಿಂಟಲ್ಲಿ ಕಣ್ಣು ಕುಕ್ಕತ್ತೆ. ಆದ್ರೆ ಹಳೇ ಕಟ್ಟಡ ತಾನೇ ವಾಲಿರಬಹುದು, ಯಿಂಗ್‌ಶ್ಯೆನ್ ಪಗೋಡ ನಿಜವಾಗ್ಲೂ ವಾಲಿದೆ, ಅದನ್ನ ಸಾಫ್ಟ್‌ವೇರಲ್ಲಿ ನೆಟ್ಟಗೆ ಮಾಡಿದ್ರೆ ಸುಳ್ಳಾಗತ್ತೆ.

ಪ್ರಿಂಟಿಗೆ ಮ್ಯಾಟ್ ಕಾಟನ್ ಪೇಪರ್ ಕಲ್ಲು, ಸುಣ್ಣ, ಮರಕ್ಕೆ ಹೊಂದತ್ತೆ, ಮೆರುಗಿನ ಹೆಂಚು ಮತ್ತು ಗಿಲೀಟಿಗೆ ಸ್ವಲ್ಪ ಹೊಳಪಿರೋ ಬರೈಟಾ ಪೇಪರ್, ಕಪ್ಪು ಆಳ ಬರತ್ತೆ. ಪ್ರಿಂಟ್ ಮಾಡೋ ಮೊದಲು ಸಾಫ್ಟ್ ಪ್ರೂಫ್, ಅಂದ್ರೆ ಆ ಪೇಪರಲ್ಲಿ ಬಣ್ಣ ಹೇಗೆ ಬರತ್ತೆ ಅಂತ ಸ್ಕ್ರೀನಲ್ಲೇ ತೋರಿಸೋದನ್ನ ನೋಡಿ, ಆ ಅರಮನೆ ಕೆಂಪು ಮ್ಯಾಟ್ ಪೇಪರಿನ ಮಿತಿಗೆ ಹಿಡಿಯಲ್ಲ, ಇಟ್ಟಿಗೆ ಬಣ್ಣಕ್ಕೆ ಇಳಿಯತ್ತೆ, ಅದು ಮೊದಲೇ ಗೊತ್ತಿದ್ರೆ ಒಳ್ಳೇದು. ತೆಳುವಾದ ಶುವಾನ್ ಕಾಗದದ ಮೇಲೆ ಪ್ರಿಂಟ್ ಮಾಡೋ ಆಸೆ ಎಲ್ಲರಿಗೂ ಬರತ್ತೆ, ಆನ್‌ಹುಯಿಯಲ್ಲೇ ತೊಗಟೆ ಮತ್ತು ಭತ್ತದ ಹುಲ್ಲಿಂದ ಮಾಡೋ ಕಾಗದ ಅದು, ಆದ್ರೆ ಇಂಕ್‌ಜೆಟ್‌ಗೆ ಅಂತ ಲೇಪನ ಕೊಟ್ಟಿಲ್ಲದಿದ್ರೆ ಇಂಕ್ ಹರಡಿ ದೌಗೊಂಗ್‌ನ ಅಂಚೆಲ್ಲಾ ಕರಗತ್ತೆ. ಮಂಜಿನ ಚಾವಣಿ ಚಿತ್ರಕ್ಕೆ ಸರಿ, ಕುಸುರಿಗೆ ಬೇಡ.

ಸೈಜ್ ವಿಷಯದಲ್ಲಿ, ಜಾಲಂಧ್ರ ಮತ್ತು ಬಣ್ಣದ ಬಿರುಕು ಚಿಕ್ಕದಾಗಿರಲಿ, ಕೈಯಲ್ಲಿ ಹಿಡಿದು ನೋಡೋ ಅಷ್ಟು, ದೌಗೊಂಗ್ ದೊಡ್ಡದಾಗಿರಲಿ. ಸೀರೀಸ್‌ಗೆ ಹನ್ನೆರಡು ಚಿತ್ರ ಸಾಕು, ಅದರಲ್ಲಿ ಒಂದೇ ವಂಶದ ಕಾಲ ಅಥವಾ ಒಂದೇ ಪ್ರಾಂತ್ಯ ಅಥವಾ ಒಂದೇ ಕೆಲಸ, ಉದಾಹರಣೆಗೆ ಬರೀ ನೀರು ಸಾಗಿಸೋ ಭಾಗಗಳು, ಹೀಗೆ ಏನಾದ್ರೂ ಒಂದು ದಾರ ಇರಲಿ. ಪ್ರತಿ ಚಿತ್ರದ ಕೆಳಗೆ ಕಟ್ಟಡದ ಹೆಸರು, ಊರು, ಕಾಲ ಬರೀರಿ, ಆ ಭಾಗ ಯಾವಾಗ ಮತ್ತೆ ಮಾಡಿದ್ದು ಅಂತ ಗೊತ್ತಿದ್ರೆ ಅದನ್ನೂ ಬರೀರಿ. ಫರ್ಬಿಡನ್ ಸಿಟಿ 1420ರಲ್ಲಿ ಮುಗಿದಿದ್ದು ನಿಜ, ಆದ್ರೆ ಈಗಿರೋ ತಾಯ್‌ಹೆ ಮಂದಿರ 1690ರ ದಶಕದಲ್ಲಿ ಮತ್ತೆ ಕಟ್ಟಿದ್ದು, ಬೀಜಿಂಗ್‌ನ ಟೆಂಪಲ್ ಆಫ್ ಹೆವನ್‌ನ ನೀಲಿ ಹೆಂಚಿನ ದುಂಡು ಮಂದಿರ 1889ರಲ್ಲಿ ಸಿಡಿಲು ಬಡಿದು ಸುಟ್ಟ ಮೇಲೆ ಕಟ್ಟಿದ್ದು, ತೊಲೆ ಮೇಲಿನ ಬಣ್ಣ ಎಷ್ಟೋ ಕಡೆ ಇತ್ತೀಚೆಗೆ ಬಳಿದಿದ್ದು. ಮರದ ಕಟ್ಟಡ ಬದುಕೋದೇ ಹಾಗೆ, ಕೆಟ್ಟ ತುಂಡು ತೆಗೆದು ಹೊಸ ತುಂಡು ಸೇರಿಸ್ತಾ, ಹಾಗಾಗಿ ಮಿಂಗ್ ಕಾಲದ ಬಣ್ಣ ಅಂತ ಸುಮ್ಮನೆ ಬರೀಬೇಡಿ, ಎಲ್ಲಿ ಹಳೇ ಮರಕ್ಕೆ ಹೊಸ ಮರ ಬೆಸೆದಿದಾರೆ ಅನ್ನೋ ಜಾಗ ಸಿಕ್ಕಿದ್ರೆ ಅದನ್ನೂ ಸೀರೀಸಲ್ಲಿ ಸೇರಿಸಿ.